ಇಪ್ಪತ್ತು ಜನ ರೈತರ ಟೇಬಲ್ಲಿಗೆ ಫಿಶರ್ ಬೇಡ ಅಂದೆ

ಎರಡು ವಿಷಯಕ್ಕೆ ಸಂಬಂಧ ಇದೆಯಾ ಅಂತ ನೋಡುವಾಗ, ಟೇಬಲ್ಲಿನ ಸೆಲ್ಲಿನ ಎಕ್ಸ್‌ಪೆಕ್ಟೆಡ್ (ಸಂಬಂಧವೇ ಇಲ್ಲದಿದ್ದರೆ ಅಲ್ಲಿ ಬರಬೇಕಾದ ಸಂಖ್ಯೆ) ಐದಕ್ಕಿಂತ ಕಡಿಮೆ ಬಂದರೆ ಮಾಮೂಲಿ ಕೈ-ಸ್ಕ್ವೇರ್ ಟೆಸ್ಟ್ ಬಿಟ್ಟು ಫಿಶರ್ ಟೆಸ್ಟ್ ಹಾಕು. ರಾಯಚೂರಲ್ಲಿ ನನ್ನ ಹತ್ರ ಡೇಟಾ ತರುವವರೆಲ್ಲ ಇದನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಥೀಸಿಸ್ ಹುಡುಗರು, ಗೈಡ್‌ಗಳು, ಸರ್ವೆ ಮಾಡಿಸುವವರು, ಎಲ್ಲರದೂ ಒಂದೇ ರಾಗ. ಈ ಸಲ ನಾನು ಒಪ್ಪಲಿಲ್ಲ. ರಿಪೋರ್ಟ್ ಪಾಸಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು ನೀರಿಗೆ ಕಾಯಬೇಕು, ಗೊತ್ತಿರೋದೇ. ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಹೋಗುವುದಕ್ಕೂ ಗದ್ದೆ ಎಲ್ಲಿದೆ ಅನ್ನುವುದಕ್ಕೂ ಸಂಬಂಧ ಇದೆಯಾ? ಇದು ಪ್ರಶ್ನೆ. ಅಸಲಿ ಟೇಬಲ್ ಹೊರಗೆ ಕೊಡಲಾರೆ, ಅದೇ ಅಳತೆಯದೊಂದು ಇಟ್ಟುಕೊಳ್ಳಿ. ಕೊನೆ ಭಾಗದ 10 ಜನರಲ್ಲಿ 7 ಮಂದಿ ಕೂರಿಗೆ, ಮೇಲ್ಭಾಗದ 10 ಜನರಲ್ಲಿ 2. ಎರಡು ಸೆಲ್ಲಿನ ಎಕ್ಸ್‌ಪೆಕ್ಟೆಡ್ 4.5. ಫಿಶರ್ ಹಾಕಿದರೆ ಪಿ, ಅಂದರೆ ಸಂಬಂಧ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ, 0.07. ರೂಢಿಯ ಗಡಿ 0.05, ಅದಕ್ಕಿಂತ ಮೇಲೆ. ಕೈ-ಸ್ಕ್ವೇರಿಗೆ ಯೇಟ್ಸ್ ಕರೆಕ್ಷನ್ (ಸಣ್ಣ ಟೇಬಲ್ಲಿಗೆ ಮಾಡುವ ತಿದ್ದುಪಡಿ) ಹಾಕಿದರೂ ಹೆಚ್ಚುಕಮ್ಮಿ ಅಷ್ಟೇ. ಸಂಬಂಧ ಕಾಣಲಿಲ್ಲ ಅಂತ ಬರೆದು ಕೊಟ್ಟು ಕೈತೊಳೆದುಕೊಳ್ಳಬೇಕು, ಅಲ್ವಾ?

ಫಿಶರ್ ಲೆಕ್ಕ ಟೇಬಲ್ಲಿನ ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ಮೊದಲೇ ಗಟ್ಟಿ ಅಂತ ಹಿಡಿಯುತ್ತದೆ. ಕೂರಿಗೆಗೆ ಎಷ್ಟು ಜನ ಹೋಗಬೇಕು ಅಂತ ನಾವೇನೂ ಗೊತ್ತುಮಾಡಿರಲಿಲ್ಲವಲ್ಲ. ಹಾಗಾಗಿ ಎನ್ ಮೈನಸ್ ಒಂದು ಕೈ-ಸ್ಕ್ವೇರ್ ಹಾಕಿದೆ, ಎನ್ ಅಂದರೆ ಒಟ್ಟು ಜನ, ಇಲ್ಲಿ 20. ಕರೆಕ್ಷನ್ ಇಲ್ಲದ ಕೈ-ಸ್ಕ್ವೇರ್ 5.05. ಅದನ್ನು 19ರಿಂದ ಗುಣಿಸಿ 20ರಿಂದ ಭಾಗಿಸಿದರೆ 4.80. ಪಿ 0.03ಕ್ಕಿಂತ ಒಂಚೂರು ಕೆಳಗೆ. ಆರ್ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡು-ಎರಡರ ಟೇಬಲ್ಲಿಗೆ ಯೇಟ್ಸ್ ತಾನಾಗೇ ಬಂದು ಕೂರುತ್ತದೆ, ಅದನ್ನು ಆಫ್ ಮಾಡಿಕೊಳ್ಳಿ.

ಗೈಡ್ ಸಾಹೇಬರು ನಂಬಲಿಲ್ಲ. "ಪಿ ಬೇಕಾದ ಹಾಗೆ ಬರಿಸಿದ್ದೀರಿ" ಅಂದರು. ಬಾಕಿ ದುಡ್ಡನ್ನೂ ತಡೆದರು. ಈ ಟೆಸ್ಟ್ ಈಗ ನಾನು ಹುಟ್ಟಿಸಿದ್ದಲ್ಲ. ಸಂಖ್ಯಾಶಾಸ್ತ್ರಜ್ಞ ಈಗನ್ ಪಿಯರ್ಸನ್ 1947ರಲ್ಲೇ ಹೇಳಿದ್ದು. ಎಕ್ಸ್‌ಪೆಕ್ಟೆಡ್ ಎಲ್ಲವೂ ಕನಿಷ್ಠ ಒಂದು ಇದ್ದರೆ ಇದನ್ನೇ ಬಳಸಿ ಅಂತ 2007ರಲ್ಲಿ ಇಯಾನ್ ಕ್ಯಾಂಪ್‌ಬೆಲ್ ಲೆಕ್ಕ ಮಾಡಿ ತೋರಿಸಿದರು. ಪೇಪರ್ ಮುಂದಿಟ್ಟರೂ ಸಾಹೇಬರು ಜಗ್ಗಲಿಲ್ಲ.

ಕೊನೆಗೆ ಎದುರಿಗೇ ಲ್ಯಾಪ್‌ಟಾಪ್ ತೆರೆದೆ. ಸಂಬಂಧವೇ ಇಲ್ಲದ, ಎರಡೂ ಕಡೆ ಅರ್ಧಕ್ಕರ್ಧ ಇರುವ ಹತ್ತು-ಹತ್ತು ಜನರ ಟೇಬಲ್‌ಗಳನ್ನು ರಾಶಿಗಟ್ಟಲೆ ಹುಟ್ಟಿಸಿದೆ. ಸುಳ್ಳು ಎಚ್ಚರಿಕೆ, ಅಂದರೆ ಇಲ್ಲದ ಸಂಬಂಧವನ್ನು ಇದೆ ಅನ್ನುವುದು, ನೂರಕ್ಕೆ ಐದು ಬರಬಹುದು, ತೊಂದರೆ ಇಲ್ಲ. ನನ್ನ ಲೆಕ್ಕದಲ್ಲಿ ಸುಮಾರು ನಾಲ್ಕು ಬಂತು. ಫಿಶರ್‌ನಲ್ಲಿ ಒಂದು ಚಿಲ್ಲರೆ. ಅಷ್ಟು ಬಿಗಿ ಹಿಡಿದರೆ ನಿಜವಾದ ಸಂಬಂಧವೂ ಕೈತಪ್ಪುತ್ತದೆ. ಸಾಹೇಬರು ಸುಮ್ನೆ ಎರಡು ಸಲ ಮತ್ತೆ ಓಡಿಸಿ ನೋಡಿ ಸಹಿ ಹಾಕಿದರು. ಆ ಕೋಡ್ ಕೇಳಬೇಡಿ, ನನ್ನ ಹೊಟ್ಟೆಪಾಡು.

ದೊಡ್ಡ ಟೇಬಲ್ ಮಾತ್ರ ಸತಾಯಿಸಿತು. ಐದು ತಳಿ, ನಾಲ್ಕು ಊರು. ಫಿಶರ್ ಕಮಾಂಡ್ ವರ್ಕ್‌ಸ್ಪೇಸ್ (ಲೆಕ್ಕಕ್ಕೆ ಬೇಕಾದ ಮೆಮೊರಿ) ಸಾಲದು ಅಂತ ಎರರ್ ಕೊಟ್ಟಿತು. ಜಾಸ್ತಿ ಮಾಡಿದರೆ ಲ್ಯಾಪ್‌ಟಾಪೇ ಹ್ಯಾಂಗ್. ದುಡ್ಡಿನ ಸಾಫ್ಟ್‌ವೇರಿನ ಆಡ್-ಆನ್ ವಿಚಾರಿಸಿದೆ, ಒಂದು ಟೇಬಲ್ಲಿಗೆ ಐನೂರು ಚಿಲ್ಲರೆ ತಗೊಳ್ಳುವ ನನಗೆ ಅದು ಹೇಗೆ ಗಿಟ್ಟುತ್ತದೆ? ತಳಿಗಳನ್ನು ಒಟ್ಟುಗೂಡಿಸಿ ನೋಡಿದೆ. ಯಾವುದನ್ನು ಯಾವುದಕ್ಕೆ ಸೇರಿಸಿದೆ ಅನ್ನುವುದರ ಮೇಲೆ ಉತ್ತರವೇ ಬದಲಾಯಿತು, ಬಿಟ್ಟೆ. ಕೈ-ಸ್ಕ್ವೇರಿಗೇ ಸಿಮ್ಯುಲೇಶನ್ ಪಿ ಹಾಕಿದೆ, ಅಂದರೆ ಸಂಬಂಧ ಇಲ್ಲದ ಟೇಬಲ್‌ಗಳನ್ನು ಹುಟ್ಟಿಸಿ ಪಿ ಅಂದಾಜು ಮಾಡುವುದು. ಸುಮ್ಮನಿದ್ದರೆ 2000 ಸಲ ಓಡುತ್ತದೆ, ನಾನು ಲಕ್ಷಕ್ಕೆ ಇಡುತ್ತೇನೆ. ಕ್ಷಣದಲ್ಲಿ ಮುಗಿಯಿತು.

ಈಗ ಮೇಲ್ಭಾಗ, ನಡುಭಾಗ, ಕೊನೆಭಾಗ ಅಂತ ಮೂರು ಮಾಡಿ ಕೊಕ್ರಾನ್-ಆರ್ಮಿಟೇಜ್ ಟ್ರೆಂಡ್ ಟೆಸ್ಟ್ (ಒಂದು ತುದಿಯಿಂದ ಇನ್ನೊಂದಕ್ಕೆ ಹೋದ ಹಾಗೆ ಏರಿಕೆ-ಇಳಿಕೆ ಇದೆಯಾ ಅಂತ ನೋಡುವುದು) ಹಚ್ಚಬೇಕು ಅಂತಿದ್ದೇನೆ. ಸಾಲಿಗೊಂದು ಕ್ರಮ ಇರುವಾಗ ಬರೀ ಕೈ-ಸ್ಕ್ವೇರ್ ಆ ಕ್ರಮವನ್ನು ನೋಡುವುದೇ ಇಲ್ಲ. ಆದರೆ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಲ್ಲಿ ಲಿಸ್ಟಿಗೆ ಬಂದಿದ್ದಾರೆ. ಒಬ್ಬರ ನಿರ್ಧಾರ ಇನ್ನೊಬ್ಬರದಕ್ಕೆ ಅಂಟಿಕೊಂಡಿರಬಾರದು ಅಂತ ಈ ಟೆಸ್ಟ್‌ಗಳು ಹಿಡಿಯುತ್ತವೆ. ಅವರನ್ನು ಬೇರ್ಪಡಿಸದೆ ಯಾವ ಟೆಸ್ಟೂ ಓಡಿಸುವುದಿಲ್ಲ ಅಂತ ಹೇಳಿ ಕಳಿಸಿದ್ದೇನೆ.