ಪ್ಲಗಿನ್ ಹಾಕುವ ಮುನ್ನ ಅದರ ಭದ್ರತೆ ನೋಡುವುದು ಹೇಗೆ

ಬಳ್ಳಾರಿಯ ಜೀನ್ಸ್ ಅಂಗಡಿಯದಿರಲಿ, ಕೊಪ್ಪಳದ ಕಿನ್ನಾಳ ಗೊಂಬೆ ಮಾರುವವರದಿರಲಿ, ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಿಮ್ಮ ಸೈಟ್ ಇದ್ದರೆ ಇದು ಗೊತ್ತಿರಲಿ: ಪ್ಲಗಿನ್ (ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಚಾಲೂ ಮಾಡಿದ ಕೂಡಲೇ ಇಡೀ ಡೇಟಾಬೇಸ್ ಅದರ ಕೈಗೆ ಸಿಗುತ್ತದೆ, ಗಿರಾಕಿಗಳ ಫೋನ್ ನಂಬರ್, ವಿಳಾಸ ಸಮೇತ.

ಮೊದಲು ವರ್ಡ್‌ಪ್ರೆಸ್‌ನ ಅಧಿಕೃತ ಪ್ಲಗಿನ್ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ವರ್ಷ ದಾಟಿದ್ದರೆ ಬೇರೆಯದನ್ನು ಹುಡುಕುವುದೇ ಮೇಲು.

ಬಳಕೆದಾರರ ಸಂಖ್ಯೆಯೊಂದನ್ನೇ ನೆಚ್ಚಬೇಡಿ. 2020ರಲ್ಲಿ ಸುಮಾರು 7 ಲಕ್ಷ ಸೈಟ್‌ಗಳಲ್ಲಿದ್ದ ‘ಫೈಲ್ ಮ್ಯಾನೇಜರ್’ ಪ್ಲಗಿನ್‌ನಲ್ಲಿ ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಫೈಲ್ ಏರಿಸಬಹುದಿತ್ತು. ಹೊರಗಿನ ಲೈಬ್ರರಿಯೊಂದರ (ಬೇರೆಯವರು ಬರೆದ ಸಿದ್ಧ ಕೋಡ್) ಮಾದರಿ ಫೈಲನ್ನು ಸರ್ವರ್‌ನಲ್ಲಿ ನೇರವಾಗಿ ಓಡುವ ಪಿಎಚ್‌ಪಿ ಫೈಲಾಗಿ ಒಳಗೇ ಬಿಟ್ಟಿದ್ದೇ ಕಾರಣ. 6.9ನೇ ಆವೃತ್ತಿಯಲ್ಲಿ ಅದನ್ನು ತೆಗೆದರು.

ಹಾಗಾಗಿ ಪ್ಲಗಿನ್‌ನ ಹೆಸರನ್ನು ಭದ್ರತಾ ಲೋಪಗಳನ್ನು ದಾಖಲಿಸುವ ವರ್ಡ್‌ಫೆನ್ಸ್, ಪ್ಯಾಚ್‌ಸ್ಟ್ಯಾಕ್ ಕಂಪನಿಗಳ ಪಟ್ಟಿಗಳಲ್ಲಿ ಹುಡುಕಿ. ಹಳೆಯ ಲೋಪ ಸಿಕ್ಕರೆ ಗಾಬರಿ ಬೇಡ. ಎಷ್ಟು ದಿನದಲ್ಲಿ ಸರಿಪಡಿಸಿದರು ಎಂಬುದು ಮುಖ್ಯ. ಇನ್ನೂ ಸರಿಪಡಿಸದ ಲೋಪವಿದ್ದರೆ ಮುಟ್ಟಲೇಬೇಡಿ.

ಕೋಡ್ ಓದಬಲ್ಲವರು ಜಿಪ್ ಬಿಚ್ಚಿ ಪಠ್ಯವನ್ನೇ ಕೋಡ್ ಆಗಿ ಓಡಿಸುವ ‘ಇವ್ಯಾಲ್’ (eval), ಸಂಕೇತದಲ್ಲಿರುವುದನ್ನು ಬಿಚ್ಚುವ ‘ಬೇಸ್64 ಡಿಕೋಡ್’ (base64_decode) ಹುಡುಕಲಿ. ಎರಡನೆಯದು ಸಾಚಾ ಕೆಲಸಕ್ಕೂ ಬರುತ್ತದೆ, ಆದರೆ ಎರಡೂ ಒಂದೇ ಸಾಲಿನಲ್ಲಿದ್ದರೆ ಅನುಮಾನಿಸಿ. ‘ನೋಪ್ರಿವ್’ (nopriv) ಎಂಬ ಪದವಿರುವ ಏಜಾಕ್ಸ್ (ಬ್ರೌಸರ್‌ನಿಂದ ಬರುವ ಕೋರಿಕೆಗಳಿಗೆ ಉತ್ತರಿಸುವ) ಸಾಲುಗಳು ಲಾಗಿನ್ ಆಗದವರಿಗೂ ತೆರೆದ ಬಾಗಿಲು. ಅಲ್ಲಿಂದ ಸೆಟ್ಟಿಂಗ್ ಬದಲಿಸುವಂತಿದ್ದರೆ ಆ ಪ್ಲಗಿನ್ ಬೇಡ.

ದುಡ್ಡಿನ ಪ್ಲಗಿನ್ ಪುಕ್ಕಟೆ ಕೊಡುವ ‘ನಲ್ಡ್’ ಪ್ರತಿಗಳನ್ನು ಯಾರೇ ಕಳಿಸಲಿ, ಹಾಕಬೇಡಿ. ಲೈಸೆನ್ಸ್ ತಪಾಸಣೆ ಕಿತ್ತವರು ಒಳಗೆ ಇನ್ನೇನು ಸೇರಿಸಿದ್ದಾರೋ ತಿಳಿಯದು, ಅಪ್‌ಡೇಟೂ ಬರುವುದಿಲ್ಲ.

ಎಲ್ಲ ಸರಿಯಿದ್ದರೂ ಮೊದಲು ಬ್ಯಾಕಪ್ ತೆಗೆದು, ಸೈಟ್‌ನ ನಕಲು ಪ್ರತಿಯಲ್ಲಿ ಹಾಕಿ ನೋಡಿ. ಗೊತ್ತಿಲ್ಲದ ಹೊಸ ಅಡ್ಮಿನ್ ಖಾತೆ ಹುಟ್ಟಿಕೊಂಡರೆ ಅಲ್ಲಿಗೇ ಕಿತ್ತುಹಾಕಿ.