ಹಳೆ ಕಾರಿನ ಕ್ರೂಸ್ ಕಂಟ್ರೋಲ್: ತೊಂದರೆ ಇದ್ದದ್ದು ಕ್ಲಚ್ ಪೆಡಲ್‌ನಲ್ಲಿ

ನನ್ನ 2011ರ ಮ್ಯಾನ್ಯುಯಲ್ ಡೀಸೆಲ್ ಕಾರಿಗೆ ಮೈಸೂರಿನಲ್ಲೇ ಕ್ರೂಸ್ ಕಂಟ್ರೋಲ್ ಕಿಟ್ ಹಾಕಿಸಿದೆ; ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ಸೆಟ್ ಮಾಡಿದ ವೇಗವನ್ನು ಉಳಿಸುವ ವ್ಯವಸ್ಥೆ ಅದು. ಈ ಕಾರಿನ ಆಕ್ಸಿಲರೇಟರ್ ಕೇಬಲ್‌ನದ್ದಲ್ಲ, ಸೆನ್ಸರ್‌ನದ್ದು; ಹಾಗಾಗಿ ಜೋಡಣೆ ಬೇಗ ಮುಗಿಯಿತು. ಆದರೆ ರಿಂಗ್ ರೋಡಿನಲ್ಲಿ ಸೆಟ್ ಗುಂಡಿ ಎಷ್ಟು ಒತ್ತಿದರೂ ವೇಗ ಹಿಡಿಯಲೇ ಇಲ್ಲ.

"ಕ್ಲಚ್ ಸಿಗ್ನಲ್ಲೇ ಬರ್ತಿಲ್ಲ ಸಾರ್, ಆ ವೈರ್ ಬೈಪಾಸ್ ಮಾಡ್ಬಿಡಣ" ಅಂದರು ಮೆಕ್ಯಾನಿಕ್. ನಾನು ಒಪ್ಪಲಿಲ್ಲ. ಕ್ಲಚ್ ತುಳಿದದ್ದು ಕ್ರೂಸ್ ನಡೆಸುವ ಮಾಡ್ಯೂಲಿಗೆ ತಿಳಿಯದಿದ್ದರೆ ಅದು ವೇಗ ಉಳಿಸಲು ಆಕ್ಸಿಲರೇಟರ್ ಕೊಡುತ್ತಲೇ ಇರುತ್ತದೆ. ಲೋಡ್ ಇಲ್ಲದ ಎಂಜಿನ್ ಕಿರುಚಿಕೊಳ್ಳುತ್ತದೆ.

ಟಾರ್ಚ್ ಹಿಡಿದು ಪೆಡಲ್ ಕೆಳಗೆ ತಲೆ ಹಾಕಿದೆ. ಮ್ಯಾಟ್ ಮೇಲೆ ಒಣಗಿದ ರಬ್ಬರಿನ ಚೂರುಗಳು! ಪೆಡಲ್ ತೋಳಿನ ತೂತಿಗೆ ಕೂರಿಸಿದ್ದ ರಬ್ಬರ್ ಬಟನ್ ಪುಡಿಯಾಗಿತ್ತು. ಪೆಡಲ್ ಬಿಟ್ಟಾಗ ಕ್ಲಚ್ ಸ್ವಿಚ್ಚನ್ನು ಒತ್ತಿ ಹಿಡಿಯಬೇಕಾದದ್ದು ಅದೇ. ಸ್ವಿಚ್ಚಿನ ಕಡ್ಡಿ ಆ ತೂತಿನೊಳಗೇ ನುಗ್ಗಿ, ಒತ್ತಿಸಿಕೊಳ್ಳದೆ ನಿಂತಿತ್ತು. ಮಾಡ್ಯೂಲಿನ ಲೆಕ್ಕದಲ್ಲಿ ನಾನು ಸದಾ ಕ್ಲಚ್ ತುಳಿದೇ ಇದ್ದೆ. ಮಲ್ಟಿಮೀಟರ್ ಹಿಡಿದರೆ, ತುಳಿದರೂ ಬಿಟ್ಟರೂ ಒಂದೇ ರೀಡಿಂಗ್.

ಹೊಸ ಬಟನ್ ಕೂರಿಸಿದ ಮೇಲೆ ರೀಡಿಂಗ್ ಬದಲಾಗತೊಡಗಿತು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 50ಕ್ಕೆ ಸೆಟ್ ಮಾಡಿ, ಮೊದಲು ಬ್ರೇಕನ್ನು ಬರೀ ಸೋಕಿಸಿದೆ, ಕ್ರೂಸ್ ಬಿಟ್ಟಿತು. ಮತ್ತೆ ಸೆಟ್ ಮಾಡಿ ಕ್ಲಚ್ ತುಳಿದೆ, ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಏರದೆ ಇಳಿಯಿತು. ಆ ಮುಳ್ಳು ಇಳಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಈ ಎರಡೂ ಪರೀಕ್ಷೆ ಮಾಡದೆ ಹೈವೇಗೆ ಹೋಗಲೇಬೇಡಿ.

ಆಮೇಲೆ ಮಂಡ್ಯ ಬೈಪಾಸಿನಲ್ಲಿ, ಐದನೇ ಗೇರಿನಲ್ಲಿ, ಸ್ಪೀಡೋಮೀಟರ್ ಮುಳ್ಳು 80ರಲ್ಲೇ ನಿಂತಿತ್ತು.