ವೆಸ್ಟ್ರಿ ನೋಡಿಕೊಳ್ಳುತ್ತಾ ನಾನು ಕಲಿತದ್ದು

ವೆಸ್ಟ್ರಿ ಎಂದರೆ ಚರ್ಚಿನಲ್ಲಿ ಅಯ್ಯನವರು, ಅಂದರೆ ಪಾದ್ರಿ, ನಿಲುವಂಗಿ ಹಾಕಿಕೊಳ್ಳುವ ಕೋಣೆ ಎಂದೇ ನಮ್ಮ ಸಭೆಯ (ಚರ್ಚಿನ ಸಮುದಾಯದ) ಹೆಚ್ಚಿನವರ ತಿಳಿವಳಿಕೆ. ಅದೂ ನಿಜವೇ. ಆದರೆ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ಆ ಕೋಣೆಯನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ, ಬಟ್ಟೆಯ ಬೀರುವಿಗಿಂತ ಮೂಲೆಯಲ್ಲಿರುವ ಕಬ್ಬಿಣದ ಪೆಟ್ಟಿಗೆಯೇ ಮುಖ್ಯ.

ಶನಿವಾರ ಸಂಜೆ ನನ್ನ ಕೆಲಸ ಶುರು. ಮೊದಲು ಆ ಕಾಲಕ್ಕೆ ತಕ್ಕ ಬಟ್ಟೆಯ ಬಣ್ಣ ನೋಡಿಕೊಳ್ಳುತ್ತೇನೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ಗೂ ನೇರಳೆ, ಕ್ರಿಸ್‌ಮಸ್‌ ಮತ್ತು ಈಸ್ಟರ್‌ಗೆ ಬಿಳಿ, ಪವಿತ್ರಾತ್ಮ ಇಳಿದು ಬಂದುದನ್ನು ನೆನೆಯುವ ಪಂಚಾಶತ್ತಮ ಹಬ್ಬಕ್ಕೆ ಕೆಂಪು, ಉಳಿದ ಉದ್ದನೆಯ ಕಾಲಕ್ಕೆ ಹಸಿರು. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನವಿದ್ದರೆ ರೊಟ್ಟಿ, ದ್ರಾಕ್ಷಾರಸ, ತಟ್ಟೆ, ಬಟ್ಟಲು ಎಲ್ಲವನ್ನೂ ಒಂದೇ ಕಡೆ ಜೋಡಿಸಿ ಬಿಳಿ ಬಟ್ಟೆ ಮುಚ್ಚುತ್ತೇನೆ. ಹಿತ್ತಾಳೆಯ ದೀಪದ ಕಂಬಕ್ಕೆ ಹುಣಸೆಹಣ್ಣು ನಡೆಯುತ್ತದೆ. ಬೆಳ್ಳಿಯ ಬಟ್ಟಲಿಗೆ ಮೆತ್ತನೆಯ ಬಟ್ಟೆ ಸಾಕು. ಬಟ್ಟಲು ಒರೆಸಿದ ವಸ್ತ್ರವನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಪವಿತ್ರ ದ್ರಾಕ್ಷಾರಸದ ಹನಿ ಚರಂಡಿ ಸೇರದಿರಲೆಂದು ಆ ನೀರನ್ನು ಗಿಡದ ಬುಡಕ್ಕೆ ಸುರಿಯುತ್ತೇನೆ. ಕೆಥೋಲಿಕರ ಎಷ್ಟೋ ದೇವಾಲಯಗಳಲ್ಲಿ ಇದಕ್ಕೆಂದೇ ನೀರು ನೇರವಾಗಿ ಮಣ್ಣಿಗೆ ಇಳಿಯುವ ತೊಟ್ಟಿ ಇರುತ್ತದೆ. ಆ ಗೌರವ ನಮ್ಮಲ್ಲೂ ಇರಲಿ ಎಂಬುದು ನನ್ನ ಆಸೆ.

ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವುದೂ ಇಲ್ಲಿಯೇ. ಇಬ್ಬರಿಲ್ಲದೆ ಚೀಲ ಬಿಚ್ಚಬಾರದು, ಅಷ್ಟೇ.

ಇನ್ನು ಆ ಪೆಟ್ಟಿಗೆ. ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಸಮಾಧಿ – ಮೂರರ ದಾಖಲೆ ಪುಸ್ತಕಗಳೂ ಅದರೊಳಗಿವೆ. ಈ ಪದ್ಧತಿ ಹಳೆಯದು. ಇಂಗ್ಲೆಂಡಿನಲ್ಲಿ 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಸಭೆಯೂ ಇವುಗಳನ್ನು ಬರೆದು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕೆಂದು ಆಜ್ಞೆ ಮಾಡಿದ. ಒಂದು ಕೀಲಿ ಪಾದ್ರಿಯ ಬಳಿ, ಇನ್ನೊಂದು ಸಭೆಯ ಉಸ್ತುವಾರಿ ನೋಡುವ ವಾರ್ಡನ್ನರ ಬಳಿ. ಅಲ್ಲಿ ವೆಸ್ಟ್ರಿಯಲ್ಲಿ ಕೂಡುತ್ತಿದ್ದ ಹಿರಿಯರು ಬಡವರ ಪೋಷಣೆ, ಊರಿನ ರಸ್ತೆಯವರೆಗೂ ತೀರ್ಮಾನಿಸುತ್ತಿದ್ದರು. 1894ರ ಕಾಯ್ದೆ ಅವರ ಕೈಯಲ್ಲಿ ಉಳಿದಿದ್ದ ಊರ ಆಡಳಿತವನ್ನು ಹಳ್ಳಿಗಳಲ್ಲಿ ಪ್ಯಾರಿಷ್ ಕೌನ್ಸಿಲ್‌ಗಳಿಗೆ, ಅಂದರೆ ಊರವರೇ ಚುನಾಯಿಸುವ ಸಮಿತಿಗಳಿಗೆ, ವಹಿಸಿತು. ನಮ್ಮಲ್ಲಿ ಆಡಳಿತವೆಲ್ಲ ಸಭಾ ಸಮಿತಿಯದು.

ಮದುವೆಯ ದಿನ ವಧೂವರರು ಸಹಿ ಹಾಕಲು ಈ ಕೋಣೆಗೆ ಬರುತ್ತಾರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಯ್ಯನವರು, ದಂಪತಿ, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಫೋಟೊದವರ ಅವಸರದಲ್ಲಿ ಸಾಕ್ಷಿಗಳು ಊಟದ ಕಡೆ ಹೊರಟುಬಿಡುತ್ತಾರೆ. ಅದಕ್ಕೆ ಅವರಿಬ್ಬರನ್ನು ಮುಂದಿನ ಬೆಂಚಿನಲ್ಲೇ ಕೂರಿಸಿರುತ್ತೇನೆ. ಪೆನ್ನು ನನ್ನದೇ, ಮಸಿ ಹರಡದಂಥದು.

ಮಳೆಗಾಲದಲ್ಲಿ ಪುಸ್ತಕಗಳಿಗೆ ತೇವದ್ದೇ ಭಯ. ಪೆಟ್ಟಿಗೆಯನ್ನು ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿಟ್ಟಿದ್ದೇನೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಲು ಯಾರನ್ನೂ ಬಿಡುವುದಿಲ್ಲ, ಅದರ ಅಂಟು ಕಾಗದವನ್ನೇ ಕೆಡಿಸುತ್ತದೆ. ಪುಟಗಳ ಫೋಟೊ ತೆಗೆದಿಟ್ಟಿರುವುದರಿಂದ ಹಳೆಯ ಪುಸ್ತಕವನ್ನು ಪದೇ ಪದೇ ತಿರುವಬೇಕಿಲ್ಲ. ಅಜ್ಜನ ದೀಕ್ಷಾಸ್ನಾನದ ತಾರೀಕು ಹುಡುಕಿಕೊಂಡು ದೂರದೂರಿನಿಂದ ಬರುವವರಿದ್ದಾರೆ. ಅವರ ಮನೆಯ ಸಾಲನ್ನು ಮಾತ್ರ ತೋರಿಸಿ ಉಳಿದದ್ದನ್ನು ಕಾಗದದಿಂದ ಮುಚ್ಚುತ್ತೇನೆ. ಅದೇ ಪುಟದಲ್ಲಿ ಬೇರೆ ಮನೆಗಳ ಸಂಗತಿಯೂ ಇರುತ್ತದೆ.